ಅಂಗಳಕ್ಕೆ ಇಳಿಸಿದ ಸೀಟು

ದಾಳಿಂಬ
೨೪ ಜನವರಿ ೨೦೨೪

ಅಳಿಯಂದಿರಾದ ಗುರುಶಾಂತ ಅವರಿಗೆ ರೇವಣಪ್ಪನ ಶರಣಾರ್ಥಿ.

ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆದು ಕಳಿಸಬೇಕಂತೆ. ‘ಮಾವಾ, ಫೋನಿನ್ಯಾಗ ನೀವು ಬರೇ ಬೈತೀರಿ. ಏನಾಗ್ಯದ ಅದು ಬರದು ಕಳಸ್ರಿ, ಅಂದ್ರ ತಿಳೀತದ’ ಅಂದು ಇಟ್ಟುಬಿಟ್ಟಿರಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀರಿ. ನಾನು ಅದನ್ನು ಕುಡುಗೋಲಿನ ಹಾಗೆ ಹಿಡಿಯುತ್ತೇನೆ, ಕಾಗದ ಎರಡು ಕಡೆ ಹರಿದಿದೆ. ಬೈಗುಳ ತಪ್ಪುತ್ತದೆ ಎಂದು ತಿಳಿದಿದ್ದರೆ ತಿಳಿದುಕೊಳ್ಳಿ. ಬಾಯಲ್ಲಿ ಬರುವುದು ಬರೆಯಲೂ ಬರುತ್ತದೆ.

ಆದದ್ದು ಇಷ್ಟು. ಹೋದ ಬುಧವಾರ ನಮ್ಮ ಕೂಲಿಯಾಳುಗಳ ಟೋಳಿ ಔರಾದ ಶಹಾಜನಿಯ ಕಡೆ ತೊಗರಿ ರಾಶಿಗೆ ಹೋಗಿತ್ತು. ಡ್ರೈವರ್ ಪಂಡಿತ ನನ್ನ ಗಾಡಿ ಹೊಡೆಯುತ್ತಿದ್ದ. ಹಿಂದೆ ತಾಡಪತ್ರಿ, ಜರಡಿ, ಡೀಸೆಲ್ ಡಬ್ಬಿ, ಬೋಲ್ಟು ಹಾಕಿ ಕೂರಿಸಿದ ಎರಡೂ ಸೀಟಿನ ಮೇಲೆ ಹೆಣ್ಣಾಳುಗಳು. ಹೊತ್ತು ಮುಳುಗುವಾಗ ತಿರುಗಿ ಬರುತ್ತಿದ್ದರು. ರಸ್ತೆಯ ಮೇಲೆ ಕಬ್ಬಿನ ಟ್ರಾಕ್ಟರು ನಿಂತಿತ್ತು, ಹಿಂದೆ ಒಂದು ದೀಪವಿಲ್ಲ. ಪಂಡಿತ ಹತ್ತಿರ ಬಂದ ಮೇಲೆ ಕಂಡು ಹೊರಳಿಸಿದ. ಗಾಡಿ ಚರಂಡಿಗೆ ಇಳಿದು ಪಲ್ಟಿಯಾಯಿತು. ಉಳಿದವರಿಗೆ ಗೀರುಗಾಯ. ಹೆಣ್ಣಾಳು ಸರುಬಾಯಿಯ ಮೇಲೆ ಜರಡಿಯ ಕಬ್ಬಿಣದ ಚೌಕಟ್ಟು ಬಿತ್ತು. ಲಾತೂರಿಗೆ ಒಯ್ದೆವು. ಸೊಂಟದ ಎಲುಬು ಒಡೆದಿದೆ, ಸರಳು ಹಾಕಿದ್ದಾರೆ. ನಡೆಯಬಹುದು, ಆದರೆ ಇನ್ನು ನೆಲಕ್ಕೆ ಕೂರಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವಳಿಗೆ ಕಳೆ ತೆಗೆಯುವುದು, ಕಡಲೆ ಕೀಳುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಅವೆಲ್ಲ ಕೂತು ಮಾಡುವ ಕೆಲಸ. ಗಂಡ ಇಲ್ಲ. ಮಗಳು ಕಾಜಲ ಇನ್ನೂ ಓದುತ್ತಿದ್ದಾಳೆ.

ಗಾಡಿಗೆ ವಿಮೆ ಮಾಡಿದವರು ನೀವು. ಹೆಣ್ಣಾಳುಗಳು ಕೂರುತ್ತಾರೆ, ಅವರನ್ನೂ ಅದರೊಳಗೆ ಸೇರಿಸಿ ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ‘ಎಲ್ಲಾ ಬರತದ ಮಾವಾ’ ಅಂದಿದ್ದಿರಿ. ಈಗ ಬರಲಿ. ಕಂಪನಿಗೆ ತಿಳಿಸಿ, ಏನು ಮಾಡಬೇಕು ಹೇಳಿ. ನನ್ನ ಮಗಳು ಶುಭಾಂಗಿಗೆ ಆಶೀರ್ವಾದ.

ರೇವಣಪ್ಪ


ಉದಗೀರ
೩ ಫೆಬ್ರುವರಿ ೨೦೨೪

ಪೂಜ್ಯ ಮಾವನವರಿಗೆ ಗುರುಶಾಂತನ ಶರಣು ಶರಣಾರ್ಥಿಗಳು.

ತಮ್ಮ ಪತ್ರ ತಲುಪಿತು. ಸರುಬಾಯಿಯವರ ಸಂಗತಿ ಓದಿ ಬಹಳ ನೋವಾಯಿತು. ನಾವು ಇಲ್ಲಿ ಕ್ಷೇಮ. ಶುಭಾಂಗಿ ಆರಾಮವಾಗಿದ್ದಾಳೆ.

ಕಂಪನಿಗೆ ಅರ್ಜಿ ಕಳುಹಿಸಿದ್ದೇನೆ. ಆದರೆ ಒಂದು ತೊಡಕು ಬಂದಿದೆ. ತಮ್ಮದು ಸಾಮಾನು ಸಾಗಿಸುವ ಗಾಡಿ. ಅದರಲ್ಲಿ ಹೆಚ್ಚಿನ ಸೀಟು ಕೂರಿಸಬೇಕಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಮಂಜೂರಿ ಪಡೆಯಬೇಕು. ಆಮೇಲೆ ಕಂಪನಿಗೆ ತಿಳಿಸಿ, ಕೂಲಿಯವರಿಗಾಗಿ ಬೇರೆ ಕಂತು ಕಟ್ಟಬೇಕು. ಜುಲೈ ೩೦ರಂದು ವಿಮೆ ಮಾಡುವಾಗ ತೆಗೆದ ಫೋಟೋಗಳಲ್ಲಿ ಗಾಡಿಯ ಹಿಂಭಾಗ ಖಾಲಿಯಿದೆ. ಆದ್ದರಿಂದ ಸೀಟುಗಳನ್ನು ಆಮೇಲೆ ಗುಟ್ಟಾಗಿ ಹಾಕಿಸಲಾಗಿದೆ ಎಂದು ಕಂಪನಿಯವರು ತಿಳಿದಿದ್ದಾರೆ.

ತಾವು ಒಂದು ಕಾಗದದ ಮೇಲೆ ಇಷ್ಟು ಬರೆದು ಸಹಿ ಮಾಡಿ ಕಳುಹಿಸಬೇಕು: ‘ಸೀಟುಗಳನ್ನು ದೀಪಾವಳಿಯ ನಂತರ ಹಾಕಿಸಿದೆ. ನಿಯಮ ತಿಳಿಯದೆ ಹಾಗೆ ಮಾಡಿದೆ. ಏಜಂಟರಿಗೆ ತಿಳಿಸಿರಲಿಲ್ಲ.’ ಹೀಗೆ ಬರೆದರೆ ತಮ್ಮ ಮೇಲೆ ಮೋಸದ ಆರೋಪ ಬರುವುದಿಲ್ಲ. ಸರುಬಾಯಿಯವರಿಗೆ ಬೇರೆ ದಾರಿ ಹುಡುಕೋಣ. ತಾಳ್ಮೆ ಇರಲಿ.

ತಮ್ಮ ವಿಧೇಯ,
ಗುರುಶಾಂತ


ದಾಳಿಂಬ
೯ ಫೆಬ್ರುವರಿ ೨೦೨೪

ಅಳಿಯಂದಿರಿಗೆ,

‘ಏಜಂಟರಿಗೆ ತಿಳಿಸಿರಲಿಲ್ಲ’ ಅಂತ ನಾನು ಬರೆಯಬೇಕೇ? ಆ ಏಜಂಟರು ಯಾರು? ಬೇರೆ ಯಾರೋ ಪರದೇಶಿ ಮನುಷ್ಯನ ಹಾಗೆ ಬರೆದಿದ್ದೀರಿ. ಆ ಏಜಂಟರು ನನ್ನ ಮನೆಯ ಅಂಗಳದಲ್ಲಿ ಕೂತು ತುಪ್ಪ ಸುರಿದುಕೊಂಡು ಉಂಡು ಹೋದವರು.

ಮರೆತಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ಅಧಿಕ ಶ್ರಾವಣ. ಆ ತಿಂಗಳಲ್ಲಿ ಅಳಿಯನನ್ನು ಕರೆದು, ಕಾಲು ತೊಳೆದು, ಹೂರಣ ತುಂಬಿದ ಧೋಂಡೆ ಉಣಿಸಿ, ತಾಮ್ರದ ತಾಟಿನಲ್ಲಿ ಮೂವತ್ತಮೂರು ಬೆಲ್ಲದ ಅನಾರಸೆ ಇಟ್ಟು ಕೊಡಬೇಕು. ನಮ್ಮ ಅಜ್ಜನ ಕಾಲದಲ್ಲಿ ಇದು ಇರಲಿಲ್ಲ, ಮರಾಠಿ ಮಂದಿಯನ್ನು ನೋಡಿ ನಮ್ಮ ಹೆಂಗಸರು ಕಲಿತದ್ದು. ಆ ದಿನ ಅಳಿಯ ಅಂದರೆ ನಾರಾಯಣನಂತೆ. ‘ನಾವು ಶಿವನ ಮಂದಿ, ನಮ್ಮ ಮನ್ಯಾಗ ಈ ನಾರಾಯಣ ಎಲ್ಲಿಂದ ಬಂದಾ?’ ಅಂದೆ. ನಿಮ್ಮ ಅತ್ತೆ ಕಲ್ಯಾಣಮ್ಮ ಲಟ್ಟಣಿಗೆ ಎತ್ತಿದಳು.

ನೀವು ಬರುವ ದಿನ ಬೆಳಿಗ್ಗೆ ಅವಳದು ಒಂದೇ ಗದ್ದಲ. ‘ಜಾವಯಿಗೆ ನೆಲಕ್ಕ ಕುಂದರಸ್ತೀರೇನು? ಖುರ್ಚಿ ಎರಡೂ ಕಾಲು ಮುರಕೊಂಡು ಕುಂತಾವ. ಗಾಡ್ಯಾಗಿನ ಸೀಟು ಇಳಸ್ರಿ.’ ಪಂಡಿತ ಬೋಲ್ಟು ಬಿಚ್ಚಿ ಎರಡೂ ಸೀಟು ಅಂಗಳಕ್ಕೆ ಇಳಿಸಿದ. ಮೇಲೆ ಸೊಲ್ಲಾಪುರದ ಚಾದರ ಹಾಸಿದೆವು. ಒಂದರ ಮೇಲೆ ನೀವು, ಒಂದರ ಮೇಲೆ ನಿಮ್ಮ ಅಣ್ಣ. ನೀವು ಕೂತು ಎರಡು ಸಲ ಕುಪ್ಪಳಿಸಿ ನೋಡಿದಿರಿ.

‘ಏನ್ರಿ ಮಾವಾ, ಸೀಟು ಭಾರಿ ಮೆತ್ತಗ ಅದಾವ. ನಮ್ಮ ಆಫೀಸಿನ್ಯಾಗ ಇಂಥಾವಿಲ್ಲ.’

ಪಂಡಿತ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಅವನು ಅಂದ: ‘ಹುಷಾರ್ ಸಾಹೇಬ್ರ, ನೀವು ಕುಂತಿದ್ದು ಸರು ಅತ್ತಿ ಜಾಗಾ. ದಿನಾ ಗಾಡ್ಯಾಗ ಆಕಿ ಅಲ್ಲೇ ಕೂಡತಾಳ. ಬಂದ್ರ ಎಬ್ಬಸ್ತಾಳ ನೋಡ್ರಿ.’

‘ಎಬ್ಬಸ್ಲಿ, ಇವತ್ತ ನಾ ಏಳಲ್ಲ’ ಅಂದಿರಿ. ಎಲ್ಲರೂ ನಕ್ಕರು. ಶುಭಾಂಗಿ ತುಪ್ಪ ಬಡಿಸುತ್ತಿದ್ದವಳು ನಕ್ಕು ತುಪ್ಪ ಚೆಲ್ಲಿದಳು. ಇಷ್ಟು ಸಾಕೇ, ಇನ್ನೂ ಬೇಕೇ?

ಉಂಡು ಕೈ ತೊಳೆದ ಮೇಲೆ ಮೊಬೈಲ್ ತೆಗೆದು ಗಾಡಿಯ ಫೋಟೋ ಹೊಡೆಯಲು ಹೊರಟಿರಿ. ‘ತಡೀರಿ, ಪಂಡಿತ ಸೀಟು ಕೂಡಸ್ಲಿ, ಆಮ್ಯಾಲ ಹೊಡೀರಿ’ ಅಂದೆ. ‘ಇರ್ಲಿ ಬಿಡ್ರಿ ಮಾವಾ, ಖಾಲಿ ಗಾಡಿ ಸ್ವಚ್ಛ ಕಾಣಸ್ತದ. ಸೀಟಿಂದು ನಾ ಬರಕೋತೀನಿ’ ಅಂದಿರಿ. ನಾನು ಇನ್ನೊಂದು ಮಾತು ಆಡುವವನಿದ್ದೆ. ಬಾಗಿಲಿನಿಂದ ಕಲ್ಯಾಣಮ್ಮ ಕಣ್ಣು ಬಿಟ್ಟಳು. ಧೋಂಡೆಯ ದಿನ ಅಳಿಯನ ಮಾತಿಗೆ ಅಡ್ಡ ಬರಬಾರದಂತೆ. ಸುಮ್ಮನಾದೆ. ಊರಲ್ಲಿ ಯಾರನ್ನಾದರೂ ಕೇಳಿ, ರೇವಣಪ್ಪ ಸುಮ್ಮನಾದದ್ದು ಯಾರಿಗೂ ಗೊತ್ತಿಲ್ಲ. ನಿಮಗೆ ಮಾತ್ರ ಆ ಭಾಗ್ಯ ಸಿಕ್ಕಿತು.

ನೀವು ಕೇಳಿದ ಕಾಗದ ನಾನು ಬರೆಯುವುದಿಲ್ಲ. ಬರೆಯಬೇಕಾದವರು ನೀವು. ಸೀಟು ನೋಡಿದ್ದೆ, ಮಾವ ಹೇಳಿದ್ದರು ಅಂತ ಕಂಪನಿಗೆ ತಿಳಿಸಿ. ತಪ್ಪು ಅವರ ಏಜಂಟರದೇ ಅಂತಾದರೆ ಸರುಬಾಯಿಗೆ ಕೊಡುವುದು ಕಂಪನಿಯ ಮೇಲೆ ಬೀಳುತ್ತದೆ.

ರೇವಣಪ್ಪ


ಉದಗೀರ
೨೬ ಫೆಬ್ರುವರಿ ೨೦೨೪

ಮಾವನವರಿಗೆ ಶರಣಾರ್ಥಿ.

ಕೆಲಸದ ಒತ್ತಡದಿಂದ ಉತ್ತರ ತಡವಾಯಿತು. ಅಂಗಳದಲ್ಲಿ ಬೆಂಚಿನಂಥದ್ದು ಇತ್ತು, ಅದರ ಮೇಲೆ ಕೂತದ್ದು ನಿಜ. ಅದು ಗಾಡಿಯದು ಎಂದು ನಾನು ಹೇಗೆ ತಿಳಿಯಬೇಕು? ಮೇಲೆ ಚಾದರ ಇತ್ತು. ಊಟದ ಹೊತ್ತಿನಲ್ಲಿ ಡ್ರೈವರನೊಬ್ಬ ಆಡಿದ ತಮಾಷೆಯ ಮಾತನ್ನು ಕಂಪನಿಗೆ ಪುರಾವೆ ಎಂದು ಕೊಡಲು ಆಗುವುದಿಲ್ಲ. ತಾವು ಕೋಪದಲ್ಲಿದ್ದೀರಿ.

ನಾನು ಸರುಬಾಯಿಯವರ ಒಳ್ಳೆಯದನ್ನೇ ಯೋಚಿಸಿ ಒಂದು ದಾರಿ ಕೇಳಿ ತಿಳಿದುಕೊಂಡಿದ್ದೇನೆ. ಗಾಡಿಯೊಳಗೆ ಕೂತವರಿಗೆ ಈ ವಿಮೆಯಲ್ಲಿ ಏನೂ ಬರುವುದಿಲ್ಲ. ಆದರೆ ಗಾಡಿ ರಸ್ತೆಯಲ್ಲಿದ್ದ ಯಾರಿಗಾದರೂ ಹಾಯ್ದರೆ ಕಂಪನಿ ಕೊಡಲೇಬೇಕು. ಪೊಲೀಸ್ ಠಾಣೆಯಲ್ಲಿ ‘ಗಾಡಿ ಪಲ್ಟಿ, ಒಬ್ಬ ಹೆಂಗಸಿಗೆ ಪೆಟ್ಟು’ ಎಂದಷ್ಟೇ ಬರೆದಿದೆ. ಹೆಂಗಸು ಎಲ್ಲಿದ್ದಳೆಂದು ಬರೆದಿಲ್ಲ. ಅವರು ಗಾಡಿಯಿಂದ ಇಳಿದು ರಸ್ತೆಯ ಬದಿಗೆ ನಿಂತಿದ್ದರು, ಪಂಡಿತ ಹೊರಳಿಸುವಾಗ ಗಾಡಿ ತಗುಲಿತು ಎಂದು ಪಂಡಿತ ಮತ್ತು ಸರುಬಾಯಿ ಇಬ್ಬರೂ ಹೇಳಿದರೆ ಆಯಿತು. ಪಂಡಿತನ ಮೇಲೆ ಕೇಸು ಆಗುತ್ತದೆ. ಇಂಥ ಕೇಸುಗಳು ಬಹಳ ವರ್ಷ ನಡೆಯುತ್ತವೆ, ಅವನೇನೂ ಅಷ್ಟು ಹೆದರಬೇಕಾಗಿಲ್ಲ.

ಈ ಪತ್ರವನ್ನು ಓದಿ ಹರಿದುಹಾಕಿ. ಶಿವರಾತ್ರಿಗೆ ಶುಭಾಂಗಿಯನ್ನು ಕಳುಹಿಸಲು ಆಗುವುದಿಲ್ಲ. ಅವಳು ಆರಾಮವಾಗಿದ್ದಾಳೆ.

ಗುರುಶಾಂತ


ದಾಳಿಂಬ
೧೦ ಮಾರ್ಚ್ ೨೦೨೪

ಗುರುಶಾಂತ,

ಹರಿದುಹಾಕಿಲ್ಲ. ಜಗಲಿಯ ಮೇಲೆ ಕೂತು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ನಿನಗೆ ‘ನೀವು’ ಅನ್ನುವುದು ನನ್ನ ನಾಲಿಗೆಯಿಂದ ಇಳಿದುಹೋಯಿತು. ಇನ್ನು ಹತ್ತುವುದಿಲ್ಲ.

ಚಾದರ ಹಾಸಿದ್ದರಿಂದ ತಿಳಿಯಲಿಲ್ಲವೇ? ಹಾಗಾದರೆ ‘ಸೀಟಿಂದು ನಾ ಬರಕೋತೀನಿ’ ಅಂದದ್ದು ಯಾವ ಸೀಟಿನ ಮಾತು?

ನಿನ್ನ ದಾರಿಯನ್ನು ಮುಚ್ಚಿಟ್ಟರೆ ನಾಳೆ ‘ಮಾವನೇ ಅಡ್ಡ ಬಂದ’ ಅನ್ನುತ್ತೀ. ಅದಕ್ಕೆ ನೇರ ಸರುಬಾಯಿಯ ಮನೆಗೆ ಹೋದೆ. ಅವಳು ಹೊರಸಿನ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಪಂಡಿತ ಗಿರಣಿಯಿಂದ ಅವಳ ಜೋಳದ ಹಿಟ್ಟು ತಂದು ಇಳಿಸುತ್ತಿದ್ದ. ಇಬ್ಬರ ಮುಂದೆಯೇ ಹೇಳಿದೆ.

‘ಸರು, ನೀ ಗಾಡ್ಯಾಗ ಇರಲಿಲ್ಲ, ರಸ್ತಾದ ಮ್ಯಾಲ ನಿಂತಿದ್ದಿ ಅಂದ್ರ ಕಂಪನಿ ಕೊಡತದಂತ. ಪಂಡಿತನ ಮ್ಯಾಲ ಕೇಸ್ ಆಗತದ. ಅಳಿಯಾ ಬರದಾನ.’

ಸರುಬಾಯಿ ಮೊದಲು ನಕ್ಕಳು. ‘ಏನೋ ಪಂಡ್ಯಾ, ಇಷ್ಟು ವರ್ಷ ನಿನ್ನ ಹಿಂದ ಕುಂತು ಬಂದೀನಿ, ಕಡೀಕ ನನ್ನ ಮ್ಯಾಲೇ ಹಾಯಿಸ್ದೆಲ್ಲೋ?’

ಪಂಡಿತ ನಗಲಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುತ್ತಾ ನಿಂತ. ಹಾಕಿದ ಮುಚ್ಚಳವನ್ನೇ ಮತ್ತೆ ತೆಗೆದು ಹಾಕಿದ.

‘ನೀ ಏನಂತಿ?’ ಅಂತ ಸರುಬಾಯಿಗೆ ಕೇಳಿದೆ.

‘ನನಗ್ಯಾಕ ಕೇಳ್ತಿ ರೇವಣಣ್ಣ? ಹೂಂ ಅಂದ್ರ ಈ ಹುಡುಗನ ಮನಿ ಮುಣಗತದ. ಉಹೂಂ ಅಂದ್ರ ನಂದು ಮುಣಗತದ. ಸುಳ್ಳ ಅಂತ ನಾ ಬ್ಯಾಡ ಅನ್ನಾಕತ್ತಿಲ್ಲ, ತಿಳಕೋ. ನನಗ ಬೇಕಾಗ್ಯದ. ಕಾಜಲ ಶಾಳಾ ಬಿಡತೀನಿ ಅಂತ ಕುಂತಾಳ. ಆದ್ರ ಇವನ ಮಕ್ಕಳ ಮಾರಿ ನಾ ದಿನಾ ನೋಡಬೇಕಲ್ಲ? ಕುಂತು ಉಂಡು ಹೋದವನಿಗೆ ಕೇಳು ಹೋಗು.’

ಅದಕ್ಕೇ ಕೇಳುತ್ತಿದ್ದೇನೆ. ಪಂಡಿತನಿಗೆ ಎರಡು ಸಣ್ಣ ಮಕ್ಕಳಿವೆ. ಕೇಸು ಬಿದ್ದರೆ ಯಾರೂ ಅವನ ಕೈಗೆ ಗಾಡಿಯ ಕೀಲಿ ಕೊಡುವುದಿಲ್ಲ. ‘ಬಹಳ ವರ್ಷ ನಡೆಯುತ್ತವೆ’ ಅಂತ ಬರೆದಿದ್ದೀ. ಆ ವರ್ಷಗಳಲ್ಲಿ ಅವನು ಏನು ತಿನ್ನಬೇಕು? ನೀನು ಮಾಡಿದ ಕೆಲಸಕ್ಕೆ ಅವನು ಕೋರ್ಟಿನ ಮೆಟ್ಟಿಲು ಹತ್ತಬೇಕೇ?

ಶುಭಾಂಗಿ ಆರಾಮವಾಗಿದ್ದಾಳೆ ಅಂತ ಪ್ರತಿ ಪತ್ರಕ್ಕೂ ಬರೆಯುತ್ತೀ. ನಾನು ಕೇಳಿದ್ದು ಅದಲ್ಲ. ಅವಳು ಶಿವರಾತ್ರಿಗೆ ಬರಲಿಲ್ಲ. ಅಪ್ಪನ ಮೇಲೆ ಸಿಟ್ಟಾಗಿದ್ದರೆ ಆಗಲಿ ಅಂತ ಹೇಳು. ನಾನು ಮಾತು ಬದಲಿಸುವುದಿಲ್ಲ.

ರೇವಣಪ್ಪ


ಉದಗೀರ
೧೮ ಮಾರ್ಚ್ ೨೦೨೪

ಅಪ್ಪಾ,

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಶಿವರಾತ್ರಿಗೆ ಬರುತ್ತೇನೆಂದು ಚೀಲ ತುಂಬಿಟ್ಟಿದ್ದೆ. ಕಳಿಸಲಿಲ್ಲ. ಇಲ್ಲಿ ಯಾರೂ ನನಗೆ ಕೈ ಮಾಡಿಲ್ಲ, ಅವ್ವನಿಗೆ ಹೇಳಿ, ಹೆದರದಿರಲಿ. ನಿಮ್ಮ ಪತ್ರ ಬಂದ ದಿನ ಇವರು ಅದನ್ನು ತಮ್ಮ ತಾಯಿಯ ಮುಂದೆ ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಎರಡು ಮೂರು ದಿನ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಅಷ್ಟೇ.

ಒಂದು ಮಾತು ನಿಮಗೆ ಗೊತ್ತಿಲ್ಲ. ಧೋಂಡೆ ಉಂಡು ತಿರುಗಿ ಬರುವಾಗ ಬಸ್ಸಿನಲ್ಲಿ ಇವರು ನನಗೆ ಅಂದರು: ‘ಸೀಟು ತೋರಿಸಿದ್ರ ಆರ್‌ಟಿಓಕ್ಕ ಹೋಗಬೇಕು, ತಿಂಗಳೇ ಹಿಡೀತದ. ನನಗ ಈ ತಿಂಗಳ ಕೆಲಸಾ ನಾಳಿಗೇ ತೋರಿಸಬೇಕಾಗ್ಯದ.’ ನಾನು ‘ಆ ಹೆಣ್ಮಕ್ಕಳಿಗೆ ಏನರೆ ಆದ್ರ?’ ಅಂದೆ. ‘ನಿಮ್ಮಪ್ಪನ ಗಾಡಿಗೆ ಏನಾಗತದ? ಎತ್ತಿನ ಬಂಡಿಗಿಂತ ಮೆಲ್ಲಕ ಹೋಗತದ’ ಅಂದು ನಕ್ಕರು. ಅಪ್ಪಾ, ನಾನೂ ನಕ್ಕೆ.

ಯಾರು ಕೇಳಿದರೂ ಅವರ ಮುಂದೆ ನಾನು ಇದನ್ನು ಹೇಳುತ್ತೇನೆ. ಕಂಪನಿಯವರು ವಿಚಾರಣೆಗೆ ಬರುತ್ತಾರಂತೆ, ಎಲ್ಲಿ, ಯಾವತ್ತು, ತಿಳಿಸಿರಿ. ಪಕ್ಕದ ಮನೆಯ ವೈಷ್ಣವಿಯ ಹೆಸರಿಗೆ ಬರೆಯಿರಿ, ಅವಳು ನನ್ನ ಕೈಗೆ ಕೊಡುತ್ತಾಳೆ.

ಶುಭಾಂಗಿ


ಉದಗೀರ
೨೮ ಮಾರ್ಚ್ ೨೦೨೪

ಶ್ರೀ ರೇವಣಪ್ಪನವರಿಗೆ,

ತಾವು ನನಗೆ ಏಕವಚನ ಹಚ್ಚಿದ್ದೀರಿ. ನನ್ನ ಹೆತ್ತ ತಂದೆಯೂ ನನ್ನ ಮದುವೆಯಾದ ಮೇಲೆ ಹಾಗೆ ಕರೆಯಲಿಲ್ಲ.

ಕಂಪನಿಯ ವಿಚಾರಣೆಯ ಅಧಿಕಾರಿ ಏಪ್ರಿಲ್ ೧೬ರಂದು ಉಮರ್ಗಾಕ್ಕೆ ಬರುತ್ತಾರೆ. ತಮಗೆ ಹೇಳುವುದಿದ್ದರೆ ಅಲ್ಲಿ ಹೇಳಬಹುದು. ವಿಮೆಯ ಕಾಗದದ ಮೇಲೆ ತಮ್ಮ ಸಹಿಯೂ ಇದೆ ಎಂಬುದು ನೆನಪಿರಲಿ.

ಶುಭಾಂಗಿ ತಮಗೆ ಬರೆದದ್ದು ನನಗೆ ಗೊತ್ತಾಗಿದೆ. ಗಂಡ ಹೆಂಡತಿ ಬಸ್ಸಿನಲ್ಲಿ ಆಡಿದ ಮಾತನ್ನು ತವರಿಗೆ ಬರೆಯುವಂಥ ಹೆಣ್ಣುಮಗಳನ್ನು ಬೆಳೆಸಿದ್ದೀರಿ. ಅವಳು ಉಮರ್ಗಾಕ್ಕೆ ಬಂದು ನನ್ನ ವಿರುದ್ಧ ಬಾಯಿ ಬಿಟ್ಟರೆ ಅಲ್ಲಿಂದ ದಾಳಿಂಬಕ್ಕೇ ಹೋಗಲಿ. ಉದಗೀರದ ಬಸ್ಸು ಹತ್ತುವುದು ಬೇಡ.

ತಮಗೆ ಸರುಬಾಯಿಯ ಸೊಂಟ ಕಾಣುತ್ತದೆ, ಪಂಡಿತನ ಮಕ್ಕಳು ಕಾಣುತ್ತವೆ. ನಾನು ಭಾಲ್ಕಿಯಿಂದ ಒಂದು ಕೈಚೀಲ ಹಿಡಿದು ಈ ಊರಿಗೆ ಬಂದವನು. ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ ಈ ಏಜನ್ಸಿ ಗಳಿಸಿದ್ದೇನೆ. ನೋಡಿಯೂ ಬರೆಯಲಿಲ್ಲ ಎಂದು ಒಪ್ಪಿಕೊಂಡರೆ ಅದೇ ದಿನ ಅದು ಹೋಗುತ್ತದೆ. ಆಮೇಲೆ ತಮ್ಮ ಮಗಳಿಗೆ ಯಾರು ಅನ್ನ ಹಾಕುತ್ತಾರೆ ಎಂದು ಒಂದು ಪತ್ರದಲ್ಲಾದರೂ ಕೇಳಿದಿರೇ?

ಗುರುಶಾಂತ


ದಾಳಿಂಬ
೨ ಏಪ್ರಿಲ್ ೨೦೨೪

ಗುರುಶಾಂತ,

ಕೇಳಿದೆಯಲ್ಲ, ಉತ್ತರ ತಗೋ. ನಿನ್ನ ಏಜನ್ಸಿ ಹೋದರೆ ದಾಳಿಂಬಕ್ಕೆ ಬಂದು ನನ್ನ ಹೊಲ ಮಾಡು. ಸೋಯಾಬೀನು ಬಿತ್ತುವವರಿಗೆ ಯಾರೂ ಫೋಟೋ ಕೇಳುವುದಿಲ್ಲ. ನೀನು ಬರುವುದಿಲ್ಲ ಅಂತ ನನಗೆ ಗೊತ್ತು. ಕೇಳಿದ್ದಕ್ಕೆ ಹೇಳಿದೆ.

ಶುಭಾಂಗಿಗೆ ವಿಚಾರಣೆಗೆ ಬರಬೇಡ ಅಂತ ತಿಳಿಸಿದ್ದೇನೆ. ನಿನ್ನ ಬೆದರಿಕೆಗೆ ಅಲ್ಲ. ಅವಳು ಮನೆಬಿಟ್ಟು ಬಂದರೆ ಈ ಮನೆಯಲ್ಲಿ ಜಾಗ ಇದೆ, ಅದನ್ನೂ ಅವಳಿಗೆ ಹೇಳಿದ್ದೇನೆ. ಆದರೆ ಹೆಂಡತಿ ಹೌದು ಅಂದು ಗಂಡ ಇಲ್ಲ ಅಂದರೆ ಆ ಅಧಿಕಾರಿ ಮನೆಯ ಜಗಳ ಅಂತ ತಿಳಿದು ಕಾಗದ ಮುಚ್ಚುತ್ತಾನೆ. ನಾನು ಹೇಳಿದರೂ ಅಷ್ಟೇ, ‘ಮುದುಕಾ ರೊಕ್ಕಕ್ಕ ಸುಳ್ಳ ಹೇಳ್ತಾನ’ ಅನ್ನುತ್ತಾನೆ. ಫೋಟೋ ಹೊಡೆದವನು ನೀನು, ಬರೆದುಕೊಳ್ಳುತ್ತೇನೆ ಅಂದವನು ನೀನು. ನಿನ್ನ ಬಾಯಿಂದ ಬಂದರೆ ಮಾತ್ರ ಅದು ಮಾತು.

ಇನ್ನು ಈ ಪತ್ರ ಯಾಕೆ ಬರೆದೆ, ಅದನ್ನು ಓದು.

ನಿನ್ನೆ ಬೆಳಿಗ್ಗೆ ಪಂಡಿತ ಬಂದ. ತೊಳೆದ ಅಂಗಿ ಹಾಕಿದ್ದ, ಹಣೆಗೆ ವಿಭೂತಿ. ಯಾರದೋ ಲಗ್ನಕ್ಕೆ ಹೊರಟಿದ್ದಾನೆ ಅಂದುಕೊಂಡೆ.

‘ಕಾಕಾ, ಠಾಣೆಗೆ ಹೊಂಟೀನಿ. ಸರು ಅತ್ತಿ ರಸ್ತಾದಾಗ ನಿಂತಿದ್ಳು, ನಾ ಹಾಯಿಸ್ದೆ ಅಂತ ಬರದ ಕೊಡತೀನಿ.’

‘ತಲಿ ಕೆಟ್ಟದೇನು ನಿಂದು? ನೀ ಹಾಯಿಸೀದೇನು?’

‘ಇಲ್ಲ.’

‘ಮತ್ತ?’

‘ಆಕಿಗಿ ಕೂಡ್ಲಾಕ ಬರವಲ್ದು ಕಾಕಾ. ಒಲಿ ಮುಂದ ನಿಂತಕೊಂಡು ರೊಟ್ಟಿ ತಿಂತಾಳ. ಒಂದು ಕೈ ಗ್ವಾಡಿಗಿ, ಒಂದು ಕೈಯಾಗ ರೊಟ್ಟಿ. ನಾ ದಿನಾ ಹಿಟ್ಟು ಕೊಡ್ಲಾಕ ಹೋದಾಗ ನೋಡತೀನಿ. ನೀವು ನೋಡೀರೇನು?’

ನಾನು ನೋಡಿರಲಿಲ್ಲ. ಬೈದೆ. ನನಗೆ ಗೊತ್ತಿರುವ ಎಲ್ಲ ಬೈಗುಳ ಬೈದೆ. ‘ನಿನ್ನ ಮಕ್ಕಳಿಗೆ ಅನ್ನ ಯಾರು ಹಾಕ್ತಾರ?’ ಅಂದೆ. ‘ನೀವು ಅದೀರಲ್ಲ’ ಅಂದ. ಟೋಳಿಯ ಹೆಂಗಸರಿಗೂ ಅವನೇ ಹೇಳಿ ಒಪ್ಪಿಸಿದ್ದಾನೆ, ಅವರೂ ಹಾಗೇ ಹೇಳುತ್ತಾರಂತೆ. ಸರುಬಾಯಿಗೆ ಮಾತ್ರ ಹೇಳಿಲ್ಲ. ತಾನು ಬರೆದುಕೊಟ್ಟ ಮೇಲೆ ಅವಳು ಇಲ್ಲ ಅನ್ನಲಾರಳು ಅಂತ ಲೆಕ್ಕ ಹಾಕಿದ್ದಾನೆ. ಅಂಗಳದ ಬಾಗಿಲು ಹಾಕಿ ಅಡ್ಡ ನಿಂತೆ. ಕಲ್ಯಾಣಮ್ಮ ಅವನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಿನಗೆ ಬರೆದು ಕೇಳುತ್ತೇನೆ ಅಂದದ್ದಕ್ಕೆ, ಹತ್ತನೇ ತಾರೀಖಿನವರೆಗೆ ತಡೆಯುತ್ತೇನೆ ಅಂತ ಲಿಂಗ ಮುಟ್ಟಿ ಹೇಳಿ ಹೋದ. ಹನ್ನೊಂದಕ್ಕೆ ಹೋಗುತ್ತಾನೆ. ಅವನು ಹೇಳಿದರೆ ಮಾಡುವವನು, ಇನ್ನು ನನ್ನ ಕೈಯಲ್ಲಿ ನಿಲ್ಲುವುದಿಲ್ಲ.

ಇದರಲ್ಲಿ ನಿನಗೆ ಬಹಳ ಅನುಕೂಲ. ಪಂಡಿತ ಬರೆದುಕೊಟ್ಟರೆ ಸೀಟಿನ ಮಾತೇ ಬರುವುದಿಲ್ಲ. ಏಜನ್ಸಿ ಉಳಿಯುತ್ತದೆ. ಸರುಬಾಯಿಗೂ ಸಿಗುತ್ತದೆ. ನೀನು ಏನೂ ಮಾಡಬೇಕಾಗಿಲ್ಲ, ಈ ಪತ್ರವನ್ನು ಓದಿ ಎಂಟು ದಿನ ಸುಮ್ಮನೆ ಇದ್ದರೆ ಸಾಕು. ಅದನ್ನು ನಿನ್ನಿಂದ ಮುಚ್ಚಿಡಬಾರದು ಅಂತ ಬರೆದೆ. ಆಮೇಲೆ ‘ನನಗ ಗೊತ್ತಿರಲಿಲ್ಲ ಮಾವಾ’ ಅನ್ನಲು ಈ ಸಲ ಚಾದರ ಇಲ್ಲ.

ಹದಿನಾರಕ್ಕೆ ಉಮರ್ಗಾಕ್ಕೆ ಬಂದು ಆ ಅಧಿಕಾರಿಯ ಮುಂದೆ ‘ಸೀಟು ನೋಡಿದ್ದೆ, ಮಾವ ಹೇಳಿದ್ದರು, ನಾನು ಬರೆಯಲಿಲ್ಲ’ ಅಂತ ಹೇಳುತ್ತೀಯೋ ಇಲ್ಲವೋ? ಬರುತ್ತೇನೆ ಅಥವಾ ಬರುವುದಿಲ್ಲ, ಒಂದೇ ಮಾತು ಬರೆ. ಶುಭಾಂಗಿ ಆರಾಮವಾಗಿದ್ದಾಳೆ ಅಂತ ಬರೆಯಬೇಡ.

ಏಪ್ರಿಲ್ ಹತ್ತು, ಬುಧವಾರ. ಅದರೊಳಗೆ ಉತ್ತರ ನನ್ನ ಕೈಯಲ್ಲಿ ಇರಬೇಕು.

ರೇವಣಪ್ಪ